ಲೋಕಣ್ಣನ ಬಲಗಿವಿ

ಹೋದ ತಿಂಗಳು ಭದ್ರಾವತಿಗೆ ಒಂದು ನಿಶ್ಚಿತಾರ್ಥಕ್ಕೆ ಹೋಗುತ್ತಿದ್ದೆ. ಮಲವಗೊಪ್ಪದ ಹತ್ತಿರ ಬಸ್ಸು ನಿಂತಿತು. ಕಿಟಕಿಯಾಚೆ ಮೂರು ಜನ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕುತ್ತಿಗೆಯಿಂದ ಕಾಲಿನವರೆಗೆ ಕರಿ ಬಟ್ಟೆ ಹಾಕಿಕೊಂಡು ನಿಂತಿದ್ದರು. ಇಬ್ಬರ ಬೆನ್ನ ಮೇಲೆ ಹಳೆಯ ಅಂಗಿಯಿಂದ ಕತ್ತರಿಸಿ ಹೊಲಿದ ಚೌಕದ ತೇಪೆ ಇತ್ತು. ಮೂರನೆಯವಳ ಅಂಗಿ ಹೊಸದು, ತೇಪೆ ಇಲ್ಲ. ಅವಳು ಏನೇನೋ ಕೇಳುತ್ತಿದ್ದಳು, ಉಳಿದಿಬ್ಬರು ಬಹಳ ಪ್ರೀತಿಯಿಂದ ಉತ್ತರ ಹೇಳುತ್ತಿದ್ದರು. ಆ ಪ್ರೀತಿಯ ಅರ್ಥ ನನಗೆ ಗೊತ್ತಿತ್ತು. ಇಳಿದು ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬರಬೇಕು ಅನಿಸಿತು. ಅಷ್ಟರಲ್ಲಿ ಬಸ್ಸು ಹೊರಟಿತು. ನಾನು ಸೀರೆಯ ನೆರಿಗೆ ಸರಿ ಮಾಡಿಕೊಂಡು ಕೂತೇ ಇದ್ದೆ.

ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲೂ ನಾನು ಹೀಗೇ ಸುಮ್ಮನಿದ್ದೆ. ಅದರಿಂದ ಒಬ್ಬ ಒಳ್ಳೆಯ ಮನುಷ್ಯನ ಕಿವಿ ಹೋಯಿತು. ಆತನ ಅನ್ನ ಇದ್ದದ್ದೇ ಕಿವಿಯಲ್ಲಿ. ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನು ಬಂತು ಅಂದುಕೊಂಡಿದ್ದೆ. ಆ ಹುಡುಗಿಯನ್ನು ನೋಡಿದ ಮೇಲೆ ಸುಮ್ಮನಿರಲಾಗುತ್ತಿಲ್ಲ.

ನಮ್ಮದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ, ಮನೆ ರವೀಂದ್ರನಗರದಲ್ಲಿ. ಡಿಗ್ರಿ ಮುಗಿಸಿ ನಾನು ಅಂಗಡಿಯಲ್ಲೇ ಕೂರುತ್ತಿದ್ದೆ. ನಮ್ಮಪ್ಪ ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಬಂದು ಶಟರ್ ಎತ್ತಿದರೆಂದರೆ ಮೊದಲು ಕಣ್ಣಾಡಿಸುತ್ತಿದ್ದದ್ದು ರ್‍ಯಾಕಿನಲ್ಲಿ ಎಲ್ಲಾದರೂ ಬರೀ ಕಪ್ಪು ಬಟ್ಟೆ ಸೇರಿಕೊಂಡಿದೆಯೋ ಎಂದು. ಮದುವೆ ಬಟ್ಟೆಗೆ ಬಂದವರ ಕಣ್ಣಿಗೆ ಕಪ್ಪು ಬೀಳಬಾರದು ಎಂಬುದು ಅವರ ಹಟ. ಅಂಥವರ ಮಗಳು ಭಾನುವಾರ ಬಂತೆಂದರೆ ಬ್ಯಾಗಿನಲ್ಲಿ ಕರಿ ಅಂಗಿ, ಕರಿ ಪ್ಯಾಂಟು, ಕಣ್ಣಿಗೆ ಬಳಿದುಕೊಳ್ಳುವ ಕಾಡಿಗೆ ತುಂಬಿಕೊಂಡು ಮಲವಗೊಪ್ಪಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಕಂಪ್ಯೂಟರ್ ಕ್ಲಾಸು ಅಂತ ಹೇಳಿದ್ದೆ.

ಕರೆದುಕೊಂಡು ಹೋದವಳು ರೂಪಾ. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದೆ ಇದ್ದವಳು, ಡ್ರಮ್ ಬಾರಿಸುತ್ತಿದ್ದಳು. ರಸ್ತೆಯಿಂದ ಒಳಗೆ, ಮುಚ್ಚಿಹೋದ ಒಂದು ಲೇತ್ ವರ್ಕ್‌ಶಾಪಿನ ತಗಡಿನ ಶೆಡ್ಡಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಹನ್ನೆರಡು ಹದಿಮೂರು ಜನ ಸೇರುತ್ತಿದ್ದರು. ಎಲ್ಲರದೂ ಕರಿ ಬಟ್ಟೆ, ಎಲ್ಲರಿಗೂ ಗಿಟಾರು, ಡ್ರಮ್ಮು ಅಬ್ಬರಿಸುವ ಮೆಟಲ್ ಸಂಗೀತದ ಹುಚ್ಚು. ಅವರ ಯಜಮಾನ ಅಂದರೆ ಸೆಲ್ವಣ್ಣ. ಭದ್ರಾವತಿಯವನು, ಅವನ ಅಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ ಮಾಡಿ ನಿವೃತ್ತರಾದವರು. ವಾರವೆಲ್ಲ ಫ್ಲೆಕ್ಸ್ ಬ್ಯಾನರ್ ಪ್ರಿಂಟ್ ಮಾಡುತ್ತಿದ್ದ, ಭಾನುವಾರ ಗಿಟಾರ್ ಹಿಡಿಯುತ್ತಿದ್ದ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಅವನು ದನಿ ಎತ್ತಿ ಮಾತಾಡಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ, ಎತ್ತಬೇಕಾದ ಅಗತ್ಯವೂ ಬೀಳುತ್ತಿರಲಿಲ್ಲ.

ಹೊಸಬರನ್ನು ಬೈಯುತ್ತಾರೆ, ಅಣಕಿಸುತ್ತಾರೆ ಎಂದು ಹೆದರಿಕೊಂಡು ಹೋಗಿದ್ದೆ. ಎಲ್ಲಾ ಉಲ್ಟಾ. ಮಜ್ಜಿಗೆ ಕೊಟ್ಟರು, ಫ್ಯಾನಿನ ಕೆಳಗೆ ಕೂರಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನಮ್ಮ ಅಂಗಡಿಯಲ್ಲಿ ಮೊದಲ ಸಲ ಬಂದ ಗಿರಾಕಿಗೂ ಅಷ್ಟು ಮರ್ಯಾದೆ ಸಿಗುತ್ತಿರಲಿಲ್ಲ. ಒಂದನ್ನು ಮಾತ್ರ ಯಾರೂ ಹೇಳಲಿಲ್ಲ, ನಾಲ್ಕನೆಯ ಭಾನುವಾರ ಏನಿದೆ ಎಂಬುದನ್ನು. ಕೇಳಿದರೆ ನಗುತ್ತಿದ್ದರು.

ನಾಲ್ಕನೆಯ ಭಾನುವಾರ ಹೊಸಬರು ‘ನಿಲ್ಲಬೇಕು’. ಶೆಡ್ಡಿನ ಒಂದು ಕೊನೆಯಲ್ಲಿ ಆಳೆತ್ತರಕ್ಕೆ ಸ್ಪೀಕರ್ ಬಾಕ್ಸುಗಳನ್ನು ಪೇರಿಸಿರುತ್ತಾರೆ. ಅದರಿಂದ ಎರಡು ಹೆಜ್ಜೆ ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಒಂದು ಗಂಟೆ. ಕೈ ಕಿವಿಗೆ ಹೋದರೆ ಮುಗಿಯಿತು, ಹೆಜ್ಜೆ ಹಿಂದೆ ಇಟ್ಟರೂ ಮುಗಿಯಿತು. ಅಂಥವರಿಗೆ ಮತ್ತೆ ಮಜ್ಜಿಗೆ ಕೊಟ್ಟು, ಬಸ್‌ಸ್ಟಾಪಿನವರೆಗೆ ಬಂದು ಕಳಿಸಿ, ಆಮೇಲೆ ಜನ್ಮದಲ್ಲಿ ಮಾತಾಡಿಸುವುದಿಲ್ಲ. ನಿಂತವರಿಗೆ ಹಳಬರೊಬ್ಬರ ಅಂಗಿಯಿಂದ ಚೌಕ ಕತ್ತರಿಸಿ ಬೆನ್ನಿಗೆ ಹೊಲಿಯುತ್ತಾರೆ. ತಗಡಿನ ಶೆಡ್ಡಿನೊಳಗೆ ಆ ಸದ್ದು ಹೇಗಿರುತ್ತದೆ ಎಂದು ಬರೆದು ತಿಳಿಸಲು ನನ್ನಿಂದ ಆಗುವುದಿಲ್ಲ. ಎದೆಗೂಡು ನಮ್ಮದಲ್ಲ ಅನಿಸಿಬಿಡುತ್ತದೆ.

ನಾನು ನಿಲ್ಲಬೇಕಾದ ದಿನ ರೂಪಾ ಬಾಗಿಲ ಹೊರಗೆ ನನ್ನ ಅಂಗೈಯೊಳಗೆ ಏನೋ ಇಟ್ಟು ಬೆರಳು ಮಡಿಚಿದಳು. ಮೇಣ ಸವರಿದ ಹತ್ತಿಯ ಎರಡು ಸಣ್ಣ ಉಂಡೆ. ಕೂದಲು ಮುಂದೆ ಬಿಟ್ಟುಕೋ, ಒಳಗೆ ಒತ್ತಿ ತಿರುಗಿಸು, ಯಾರಿಗೂ ಹೇಳಬೇಡ ಎಂದಳು. ಕುಲುಮೆಯ ಮುಂದೆ ದುಡಿಯುವ ಹಳಬರು ಕಿವಿಗೆ ಇಟ್ಟುಕೊಳ್ಳುತ್ತಿದ್ದದ್ದಂತೆ ಅದು, ಸೆಲ್ವಣ್ಣ ಅಪ್ಪನಿಂದ ಕಲಿತದ್ದು. ಸದ್ದು ಏರಿಸಿದಾಗಲೆಲ್ಲ ಶೆಡ್ಡಿನಲ್ಲಿದ್ದ ಅಷ್ಟೂ ಜನರ ಕಿವಿಯಲ್ಲಿ ಮೇಣ ಇರುತ್ತಿತ್ತು. ನಿಲ್ಲುವುದು ಬರೀ ನಾಟಕ. ಮೇಣ ಕೊಡುವುದು ಕರೆತಂದವರ ಹಕ್ಕು, ಕೊಡಬೇಕೋ ಬೇಡವೋ ಎಂದು ಹೇಳುವುದು ಮಾತ್ರ ಸೆಲ್ವಣ್ಣ. ಯಾರು ಬೇಕು, ಯಾರು ಬೇಡ ಎಂಬುದು ಬಾಗಿಲ ಹೊರಗೇ ತೀರ್ಮಾನವಾಗಿರುತ್ತಿತ್ತು. ಬೇಡವಾದವರು ತಮ್ಮ ಕೈಲಾಗಲಿಲ್ಲ ಎಂದು ನಾಚಿಕೊಂಡು ಹೋಗುತ್ತಿದ್ದರು.

ಇದು ಗೊತ್ತಾದಾಗ ನನಗೆ ಅಸಹ್ಯ ಆಗಬೇಕಿತ್ತು ತಾನೇ? ಆಗಲಿಲ್ಲ. ಖುಷಿಯಾಯಿತು. ನನ್ನ ಬೆನ್ನಿಗೆ ರೂಪಾಳ ಅಂಗಿಯ ಚೌಕ ಬಿತ್ತು, ಗುಟ್ಟು ಗೊತ್ತಿದ್ದವರಲ್ಲಿ ನಾನೂ ಒಬ್ಬಳಾದೆ. ಮನೆಯಲ್ಲಿ ವರನ ಫೋಟೋ ತೋರಿಸುವವರು, ಅಂಗಡಿಯಲ್ಲಿ ಬಣ್ಣ ಆರಿಸಿ ಆರಿಸಿ ಹಿಂದಕ್ಕೆ ಸರಿಸುವವರು, ಇವರ ನಡುವೆ ಇದ್ದವಳಿಗೆ ಆ ಶೆಡ್ಡು ಸ್ವಂತದ್ದು ಅನಿಸಿತ್ತು. ಅದಕ್ಕೋಸ್ಕರ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಲೋಕಣ್ಣ ನಮ್ಮ ಅಂಗಡಿಯ ಜನರೇಟರ್ ನೋಡಲು ಬರುತ್ತಿದ್ದವರು. ಹೊಸಮನೆಯಲ್ಲಿ ಮನೆ, ವಯಸ್ಸು ನಲವತ್ತು ದಾಟಿತ್ತು. ಸಣ್ಣ ಚೌಕಳಿಯ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಟೆಸ್ಟರು. ಶಿವಮೊಗ್ಗ, ಭದ್ರಾವತಿ ಎರಡೂ ಕಡೆಯ ಅಕ್ಕಿ ಗಿರಣಿಗಳಿಗೆ ಅವರು ಬೇಕೇ ಬೇಕು. ಅವರ ಬಳಿ ಎರಡಡಿ ಉದ್ದದ ಒಂದು ಕಬ್ಬಿಣದ ಸರಳಿತ್ತು. ಅದರ ಒಂದು ತುದಿಯನ್ನು ಓಡುತ್ತಿರುವ ಯಂತ್ರದ ಬೇರಿಂಗಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಬಲಗಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಇದು ಇನ್ನೂ ಆರು ತಿಂಗಳು ಓಡುತ್ತೆ, ಇದನ್ನು ಇವತ್ತೇ ಬಿಚ್ಚಿ ಎಂದು ಹೇಳುತ್ತಿದ್ದರು. ಅವರು ಹೇಳಿದ್ದು ತಪ್ಪಿದ್ದಿಲ್ಲ. ಎಡಗಿವಿಯಲ್ಲಿ ಯಾಕೆ ಕೇಳಲ್ಲ ಎಂದು ಒಮ್ಮೆ ಕೇಳಿದ್ದೆ. ಅದು ಮಾತು ಕೇಳೋಕೆ, ಇದು ಕೆಲಸಕ್ಕೆ ಎಂದಿದ್ದರು.

ಒಂದು ಮಧ್ಯಾಹ್ನ ನನ್ನ ಹೆಡ್‌ಫೋನಿನಿಂದ ಸೋರುತ್ತಿದ್ದ ಸದ್ದು ಕೇಳಿ ಇದೇನು ಮೆಷಿನ್ನು ಎಂದರು. ಕೊಟ್ಟೆ. ಎರಡು ನಿಮಿಷ ತಲೆ ವಾರೆ ಮಾಡಿ ಕೇಳಿದರು. ಇದನ್ನು ಬಾರಿಸುವವನು ಎರಡು ಕಾಲಿನಲ್ಲೂ ಬಾರಿಸುತ್ತಿದ್ದಾನೆ, ಎರಡೂ ಸಮವಾಗಿ ಬೀಳುತ್ತಿದೆ, ಬಹಳ ಕಷ್ಟದ ಕೆಲಸ ಎಂದರು. ಮೆಟಲ್ ಕೇಳುತ್ತೇನೆ ಎಂದು ಹೇಳಿಕೊಳ್ಳುವ ನನಗೆ ಅಷ್ಟು ದಿನ ಅದು ಗೊತ್ತೇ ಇರಲಿಲ್ಲ. ಎಲ್ಲಿ ಬಾರಿಸುತ್ತಾರೆ, ಎದುರಿಗೆ ಕೂತು ಕೇಳಬಹುದಾ ಎಂದು ದಿನಾ ಕೇಳತೊಡಗಿದರು. ಈ ಮನುಷ್ಯನ ಕಿವಿ ನೋಡಿ ಸೆಲ್ವಣ್ಣ ದಂಗಾಗುತ್ತಾನೆ, ಕರೆತಂದವಳು ಎಂದು ನನ್ನ ಹೆಸರಾಗುತ್ತದೆ ಎಂದು ಆಸೆಯಾಯಿತು. ಹಾಗೆ ಕರೆದುಕೊಂಡು ಹೋದೆ.

ಮೊದಲ ಭಾನುವಾರ ಎಲ್ಲಾ ಮಾಮೂಲಿನಂತೆ ಆಯಿತು. ಮಜ್ಜಿಗೆ ಕೊಟ್ಟರು, ಫ್ಯಾನಿನ ಕೆಳಗೆ ಕುರ್ಚಿ ಹಾಕಿದರು. ಸ್ಪೀಕರ್ ಕಡಿಮೆ ಮಾಡಿ ಒಂದು ಹಾಡು ಬಾರಿಸಿದರು. ಮುಗಿದ ಮೇಲೆ ಹೇಗಿತ್ತು ಎಂದು ಸೆಲ್ವಣ್ಣ ಕೇಳಿದ. ಲೋಕಣ್ಣ ಎದ್ದು ಹೋಗಿ ರೂಪಾಳ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ರೂಪಮ್ಮ, ಎಡಗಾಲು ಒಂದು ಕೂದಲೆಳೆಯಷ್ಟು ಲೇಟಾಗಿ ಬೀಳ್ತಾ ಇದೆ. ಪೆಡಲ್ ಸ್ಪ್ರಿಂಗು ಸಡ್ಲ ಆಗಿರ್ಬೇಕು. ನೋಡ್ಕೊಡ್ಲಾ?”

ಪಾಪ, ಉಪಕಾರ ಮಾಡಲು ಹೊರಟವರು. ಜೇಬಿನಿಂದ ಟೆಸ್ಟರು ತೆಗೆದು ಸ್ಪ್ರಿಂಗನ್ನು ಎಳೆದು ಬಿಟ್ಟು ನೋಡಿದರು. ಸ್ಪ್ರಿಂಗು ಸರಿಯಾಗಿಯೇ ಇತ್ತು. ಅದು ಗೊತ್ತಾಗಿ ಅವರು ಮುಖ ಸಣ್ಣದು ಮಾಡಿಕೊಂಡು ಸುಮ್ಮನಾದರು. ಹಾಗೆ ಸುಮ್ಮನಾದದ್ದು ಇನ್ನೂ ಕೆಟ್ಟದಾಯಿತು, ಏಕೆಂದರೆ ತಪ್ಪು ಕಾಲಿನದ್ದೇ ಎಂದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಆರು ವರ್ಷದಿಂದ ಡ್ರಮ್ ಬಾರಿಸುತ್ತಿದ್ದ ರೂಪಾಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವಳು ನಕ್ಕಳು. ಸೆಲ್ವಣ್ಣನೂ ನಕ್ಕ, ಲೋಕಣ್ಣನಿಗೆ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದ. ಆ ದಿನದಿಂದ ಅವರ ಮೇಲೆ ಎಲ್ಲರ ಪ್ರೀತಿ ಜಾಸ್ತಿಯಾಯಿತು. ಎರಡನೆಯ ಭಾನುವಾರ ಒಬ್ಬರು ಅವರಿಗೆ ಕರಿ ಅಂಗಿ ತಂದುಕೊಟ್ಟರು. ಮೂರನೆಯ ಭಾನುವಾರ ಅವರ ಜೊತೆ ಫೋಟೋ ತೆಗೆಸಿಕೊಂಡರು. ಆ ಅಂಗಿಯಲ್ಲಿ ಲೋಕಣ್ಣ ಮದುವಣಿಗನ ಹಾಗೆ ಸಂಕೋಚಪಡುತ್ತಿದ್ದರು. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ಶೆಡ್ಡಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಲೋಕಣ್ಣ ಇನ್ನೂ ಬಂದಿರಲಿಲ್ಲ. ಮೇಣದ ಉಂಡೆಗಳನ್ನು ನಾನು ಮನೆಯಲ್ಲೇ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಬಾಗಿಲಲ್ಲೇ ಸೆಲ್ವಣ್ಣ ನನ್ನನ್ನು ನಿಲ್ಲಿಸಿ, ಎಂದಿನ ಮೆತ್ತಗಿನ ದನಿಯಲ್ಲಿ, “ಅವರಿಗೆ ಮೇಣ ಬೇಡ ಶೈಲಾ” ಎಂದ. ಅಷ್ಟೇ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಅಲ್ಲೇ ನಿಂತಿದ್ದನ್ನು ನೋಡಿ ರೂಪಾ ಹತ್ತಿರ ಬಂದಳು.

“ಹತ್ತು ನಿಮಿಷಕ್ಕೆ ಓಡ್ತಾರೆ ಬಿಡು ಮಾರಾಯ್ತಿ. ಓಡೋರಿಗೆ ಏನಾಗುತ್ತೆ?”

ನಿಜವೇ, ಮೇಣವಿಲ್ಲದೆ ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ನಿಂತದ್ದಿಲ್ಲವಂತೆ. ಲೋಕಣ್ಣನೂ ಓಡುತ್ತಾರೆ, ಬಸ್‌ಸ್ಟಾಪಿನವರೆಗೆ ನಾನೇ ಹೋಗಿ ಬಿಟ್ಟು ಬರುತ್ತೇನೆ, ಅಲ್ಲಿಗೆ ಮುಗಿಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಅವರ ಗಾಡಿ ಬಂತು. ನಿಲ್ಲುವ ವಿಷಯವನ್ನು ಸೆಲ್ವಣ್ಣ ಬಾಗಿಲಲ್ಲೇ ಅವರಿಗೆ ಹೇಳಿದ. ಲೋಕಣ್ಣ ನನ್ನನ್ನು ಪಕ್ಕಕ್ಕೆ ಕರೆದು, ನೀವು ಒಂದು ಗಂಟೆ ನಿಂತಿದ್ದು ನಿಜವಾ ಎಂದು ಕೇಳಿದರು. ಜೇಬಿನಲ್ಲಿ ಉಂಡೆಗಳು ಬಿಸಿಗೆ ಮೆತ್ತಗಾಗಿದ್ದವು, ಬೆರಳಿಗೆ ಅಂಟುತ್ತಿದ್ದವು. ಹೌದು ಎಂದೆ. ನೀವು ಹೆಣ್ಣುಮಕ್ಕಳೇ ನಿಂತ ಮೇಲೆ ಗಿರಣಿ ಸದ್ದಿನಲ್ಲಿ ಬೆಳೆದ ನನಗೇನು ಎಂದು ನಗುತ್ತಾ ಒಳಗೆ ಹೋದರು.

ಹತ್ತು ನಿಮಿಷವಾಯಿತು. ಲೋಕಣ್ಣ ಅಲುಗಲಿಲ್ಲ. ಇಪ್ಪತ್ತಾಯಿತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೆಲ್ವಣ್ಣ ಬಗ್ಗಿ ಸದ್ದು ಜಾಸ್ತಿ ಮಾಡಿದ. ಲೋಕಣ್ಣ ಕಣ್ಣು ಮುಚ್ಚಿಕೊಂಡರು. ಆಮೇಲೆ ಏನು ಮಾಡಿದರು ಅಂದರೆ, ಯಂತ್ರದ ಮುಂದೆ ನಿಂತಾಗ ಮಾಡುತ್ತಿದ್ದ ಹಾಗೇ ತಲೆ ವಾರೆ ಮಾಡಿ ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿದರು. ಆ ಮನುಷ್ಯ ಕಿವಿಗೊಟ್ಟು ಕೇಳುತ್ತಿದ್ದರು. ಅಷ್ಟು ಜನರಲ್ಲಿ ನಿಜವಾಗಿ ಸಂಗೀತ ಕೇಳಿಸಿಕೊಳ್ಳುತ್ತಿದ್ದವರು ಅವರೊಬ್ಬರೇ. ಕಣ್ಣಿಂದ ನೀರಿಳಿಯುತ್ತಿತ್ತು, ಕೆನ್ನೆ ನಡುಗುತ್ತಿತ್ತು, ಬೆನ್ನ ಹಿಂದೆ ಕಟ್ಟಿದ ಕೈಯ ಬೆರಳುಗಳು ಬೆಳ್ಳಗಾಗಿದ್ದವು. ಹೊಸಬರು ಅಲುಗದ ಹೊರತು ಒಂದು ಗಂಟೆಯವರೆಗೆ ಬಾರಿಸುವುದನ್ನು ನಿಲ್ಲಿಸುವಂತಿಲ್ಲ ಎಂಬುದು ನಿಯಮ. ನಾನು ಓಡಿ ಹೋಗಿ ವೈರು ಕಿತ್ತಿದ್ದರೆ ಆಗುತ್ತಿತ್ತು. ಪ್ಲಗ್ಗು ನನ್ನ ಕಾಲಿನಿಂದ ಮಾರುದೂರದಲ್ಲಿತ್ತು. ಪೂರ್ತಿ ಒಂದು ಗಂಟೆ ನಾನು ಆ ಪ್ಲಗ್ಗನ್ನೇ ನೋಡುತ್ತಾ ಇದ್ದೆ.

ಗಂಟೆ ಮುಗಿಯಿತು. ನಿಂತವರಿಗೆ ಚೌಕ ಕೊಡಲೇಬೇಕು. ರೂಪಾ ತನ್ನದೇ ಅಂಗಿಯಿಂದ ಕತ್ತರಿಸಿ ಕೊಟ್ಟಳು. ಲೋಕಣ್ಣ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಅವರು ಮಾತಾಡಿದಾಗ ಎಲ್ಲರೂ ಬೆಚ್ಚಿದರು. ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೇನೆ ಎಂದು ಅವರಿಗೇ ಗೊತ್ತಿರಲಿಲ್ಲ.

ಹೊರಗೆ ಬಂದು ಗಾಡಿಯ ಹತ್ತಿರ ನಿಂತಾಗ ಕೇಳಿದರು.

“ಶೈಲಮ್ಮ, ಬಲಗಿವೀಲಿ ಕುಕ್ಕರ್ ಸೀಟಿ ಹಂಗೆ ಒಂದೇ ಸಮ ಬರ್ತಾ ಇದೆ. ಹತ್ತಿ ತುರುಕಿದಂಗೂ ಆಗಿದೆ. ನಿಮಗೂ ಹಿಂಗೇ ಆಗಿತ್ತಾ?”

ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಮೇಣದ ಮಾತು ಬರುತ್ತದೆ. ಆಮೇಲೆ ನನಗೆ ಶೆಡ್ಡೂ ಇಲ್ಲ, ಲೋಕಣ್ಣನ ಮುಖ ನೋಡುವ ಹಾಗೂ ಇಲ್ಲ. ಆಗಿತ್ತು ಎಂದೆ. ಎಷ್ಟು ದಿನಕ್ಕೆ ಸರಿ ಹೋಯಿತು ಎಂದರು. ಹತ್ತು ದಿನ ಎಂದೆ. ಹತ್ತು ಯಾಕೆ ಅಂದೆನೋ ಶಿವನಿಗೇ ಗೊತ್ತು. ಅವರ ಮುಖದಲ್ಲಿದ್ದ ಹೆದರಿಕೆ ಇಳಿಯಿತು. ನಿಮ್ಮನ್ನು ಕೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾಳೆಯೇ ಡಾಕ್ಟರ ಹತ್ತಿರ ಓಡುತ್ತಿದ್ದೆ ಎಂದು ನಕ್ಕರು.

ನಾಲ್ಕನೆಯ ದಿನ ಫೋನ್ ಮಾಡಿದರು. ಸೀಟಿ ಹಾಗೇ ಇದೆ, ಮಲಗಲು ಬಿಡುತ್ತಿಲ್ಲ, ಕಾಯಬೇಕು ತಾನೇ ಎಂದರು. ಅಪ್ಪ ಎದುರಿಗೇ ಕೂತಿದ್ದರು, ಗಿರಾಕಿಗಳಿದ್ದರು. ಕಾಯಿರಿ ಲೋಕಣ್ಣ ಎಂದು ಫೋನ್ ಇಟ್ಟೆ. ನನ್ನ ಒಳಗೂ ಒಬ್ಬಳು ಹತ್ತು ದಿನಕ್ಕೆ ಸರಿಹೋಗಬಹುದು ಎಂದು ನಂಬಲು ಶುರುಮಾಡಿದ್ದಳು. ಸುಳ್ಳು ಹೇಳಿದವಳಿಗೇ ಆ ಸುಳ್ಳು ಬೇಕಾಗಿತ್ತು. ಆ ಭಾನುವಾರ ನಾನು ಶೆಡ್ಡಿಗೆ ಹೋಗಲಿಲ್ಲ. ಮುಂದೆಯೂ ಹೋಗಲಿಲ್ಲ. ಯಾರೂ ಯಾಕೆ ಎಂದು ಫೋನ್ ಮಾಡಲಿಲ್ಲ, ಅದೂ ಅಲ್ಲಿಯ ನಿಯಮವೇ.

ಒಂಬತ್ತನೆಯ ದಿನ ಭದ್ರಾವತಿಯ ಕಡೆ ಒಂದು ಗಿರಣಿಯಲ್ಲಿ ಲೋಕಣ್ಣ ಸರಳಿಟ್ಟು ಕೇಳಿ, ಏನೂ ತೊಂದರೆ ಇಲ್ಲ, ಓಡಿಸಿ ಎಂದು ಹೇಳಿ ಬಂದರಂತೆ. ಸಂಜೆಯೊಳಗೆ ಬೇರಿಂಗು ತಿರುಗದೆ ಹಿಡಿದುಕೊಂಡು, ಶಾಫ್ಟು ಮುರಿದು, ಬೆಲ್ಟು ಕಿತ್ತು ಹಾರಿತು. ಅಕ್ಕಿ ಗುಡಿಸುತ್ತಿದ್ದ ಹೆಂಗಸು ಒಂದು ಗಳಿಗೆ ಮುಂಚೆ ನೀರು ಕುಡಿಯಲು ಆಚೆ ಹೋಗಿದ್ದಕ್ಕೆ ಬದುಕಿಕೊಂಡಳು. ಗಿರಣಿಯವರು ಲೋಕಣ್ಣನಿಗೆ ಏನೂ ಅನ್ನಲಿಲ್ಲವಂತೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಇರಲಿ ಬಿಡು ಎಂದರಂತೆ. ಆದರೆ ಮುಂದಿನ ವಾರದಿಂದ ಬೇರೆಯವರನ್ನು ಕರೆಸಿಕೊಂಡರು.

ಹನ್ನೆರಡನೆಯ ದಿನ ಅವರು ಅಂಗಡಿಗೆ ಬಂದರು. ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ನೀವೂ ಬನ್ನಿ ಎಂದರು. ಅನುಭವ ಇದ್ದವರು ಜೊತೆಗಿದ್ದರೆ ಡಾಕ್ಟರಿಗೆ ಹೇಳಲು ಸುಲಭ ಎಂದು ಅವರ ಲೆಕ್ಕ. ಈಗ ದಾರಿಯಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡು ಹೊರಟೆ. ಗಾಡಿಯ ಹಿಂದೆ ಕೂತು ಎರಡು ಸಲ ಲೋಕಣ್ಣ ಎಂದೆ. ನನ್ನ ಬಾಯಿ ಇದ್ದದ್ದು ಅವರ ಬಲಭುಜದ ಹತ್ತಿರ. ಅವರಿಗೆ ಕೇಳಿಸಲಿಲ್ಲ. ಮೂರನೆಯ ಸಲ ಕರೆಯಲು ನನಗೆ ಧೈರ್ಯ ಬರಲಿಲ್ಲ.

ಕಿವಿಯ ಡಾಕ್ಟರು ವಯಸ್ಸಾದವರು. ಗಾಜಿನ ಸಣ್ಣ ಕೋಣೆಯಲ್ಲಿ ಲೋಕಣ್ಣನನ್ನು ಕೂರಿಸಿ, ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ಹೊರಗೆ ಬಂದ ಮೇಲೆ ಬಲಗಿವಿಯ ನರಕ್ಕೆ ಪೆಟ್ಟು ಬಿದ್ದಿದೆ ಎಂದರು. ಮೊದಲ ಎರಡು ಮೂರು ದಿನದಲ್ಲಿ ಬಂದಿದ್ದರೆ ಮಾತ್ರೆ ಕೊಟ್ಟು ಸ್ವಲ್ಪವಾದರೂ ಉಳಿಸಬಹುದಿತ್ತು, ಇಷ್ಟು ದಿನ ಯಾಕೆ ಕೂತಿರಿ ಎಂದು ಕೇಳಿದರು. ಲೋಕಣ್ಣ ಗಾಬರಿಯಾಗಲಿಲ್ಲ. ನನ್ನ ಕಡೆ ಕೈ ತೋರಿಸಿದರು.

“ಇವರಿಗೂ ಹಿಂಗೇ ಆಗಿತ್ತು ಸಾರ್. ಹತ್ತು ದಿನಕ್ಕೆ ತಾನಾಗೇ ಸರಿ ಹೋಯ್ತು. ಬೇಕಿದ್ರೆ ಕೇಳಿ.”

ಡಾಕ್ಟರು ನನ್ನ ಕಡೆ ತಿರುಗಿ ಯಾವ ಕಿವಿ ಎಂದರು. ಬಲಗಿವಿ ಎಂದೆ. ಹಾಗಾದರೆ ನಿಮ್ಮದೂ ನೋಡಿಬಿಡೋಣ ಎಂದು ಎದ್ದರು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಆ ಗಾಜಿನ ಕೋಣೆಯಲ್ಲಿ ಕೂತೆ. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತದೆ ಇದ್ದುಬಿಡಲಾ ಎಂದು ಯೋಚಿಸಿದೆ. ಆದರೆ ಎಲ್ಲಾ ಕೇಳಿಸುತ್ತಿತ್ತು, ಎಳೆಯಷ್ಟು ಸಣ್ಣ ಸದ್ದೂ ಕೇಳಿಸುತ್ತಿತ್ತು, ಬೆರಳು ತಾನಾಗಿ ಒತ್ತುತ್ತಿತ್ತು. ಗಾಜಿನಾಚೆ ಲೋಕಣ್ಣ ಪರೀಕ್ಷೆ ಬರೆಯುವ ಮಗಳನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಾ ನಿಂತಿದ್ದರು.

ಡಾಕ್ಟರು ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ನನ್ನ ಹಾಳೆಯನ್ನು ನೋಡಿ, ನನ್ನ ಮುಖ ನೋಡಿ, ಮತ್ತೆ ಹಾಳೆ ನೋಡಿದರು. ಇವರ ಕಿವಿಗೆ ಯಾವತ್ತೂ ಏನೂ ಆದ ಗುರುತೇ ಇಲ್ಲವಲ್ಲ ಎಂದರು. ಅವರಿಗೆ ಎಲ್ಲಾ ಅರ್ಥವಾಯಿತು ಎಂದು ನನಗೆ ಅನಿಸಿತು. ಲೋಕಣ್ಣ ಎಡಗಿವಿ ಮುಂದೆ ಮಾಡಿ ಏನಂದ್ರಿ ಸಾರ್ ಎಂದರು. ಡಾಕ್ಟರು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು.

ಲೋಕಣ್ಣನ ಮುಖ ಅರಳಿತು. “ನೋಡಿದ್ರಾ ಶೈಲಮ್ಮ, ನಿಮಗೆ ಒಂಚೂರು ಗುರುತೂ ಉಳಿದಿಲ್ಲ. ನಂಗೆ ವಯಸ್ಸಾಗಿದೆ, ನಾಲ್ಕು ದಿನ ಜಾಸ್ತಿ ಹಿಡೀಬಹುದು. ಸರಿ ಹೋಗುತ್ತೆ ಅಲ್ವಾ?”

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಲೋಕಣ್ಣನ ಎಡಗಡೆಗೆ ಹೋಗಿ ನಿಂತುಕೊಂಡೆ, ಅವರಿಗೆ ಕೇಳಿಸಲಿ ಎಂದು. ಹೌದು ಲೋಕಣ್ಣ, ಸರಿ ಹೋಗುತ್ತೆ ಎಂದೆ.